ಟೊಮೆಟೊ ಬಳ್ಳಿಗೆ ಏಣಿ ಹಾಕಿದ ಪ್ರೊಫೆಸರು

ಹೋದ ವಾರ ಕೊಟ್ಟ ಮಾತಿನ ಪ್ರಕಾರ ಇಂದು ನೀರಿಗೆ ಗೊಬ್ಬರ, ಆಮ್ಲ ಅಳೆದು ಬೆರೆಸುವ ಡೋಸಿಂಗ್ ಪಂಪುಗಳ ಸರದಿ. ಯಾವುದು ಅಗ್ಗ, ಯಾವುದರ ಟ್ಯೂಬು ಬೇಗ ಸವೆಯುತ್ತದೆ, ಪಿಎಚ್ ಪ್ರೋಬನ್ನು ಒಣಗಲು ಬಿಟ್ಟರೆ ಏನಾಗುತ್ತದೆ ಎಂಬ ಪಟ್ಟಿ ಸಿದ್ಧವಾಗಿಯೇ ಇದೆ. ಆದರೆ ಹೈಡ್ರೋಪೋನಿಕ್ಸ್ ತರಬೇತಿ ಶಿಬಿರಗಳ ಹಂಗಾಮು ಮತ್ತೆ ಶುರುವಾಗಿದೆ. ‘ಮಣ್ಣಿಲ್ಲದೆ ಹತ್ತು ಪಟ್ಟು ಇಳುವರಿ’ ಎಂಬ ಫ್ಲೆಕ್ಸು ಕಣ್ಣಿಗೆ ಬಿದ್ದಾಗಲೆಲ್ಲ ಈ ಅಂಕಣಕ್ಕೆ ಹಳೆಯ ಕಿರುಹೊತ್ತಗೆಯೊಂದು ನೆನಪಾಗುತ್ತದೆ. ಈ ಬಾಬತ್ತಿನ ಲೆಕ್ಕವನ್ನು ಅದು 1938ರಲ್ಲೇ ಚುಕ್ತಾ ಮಾಡಿತ್ತು. ಪಂಪುಗಳು ಇನ್ನೊಂದು ವಾರ ಕಾಯಲಿ.

ಆ ಹೊತ್ತಗೆಯ ಹಿಂದಿನ ಜಗಳದ ಊರು ಕ್ಯಾಲಿಫೋರ್ನಿಯಾದ ಬರ್ಕ್ಲಿ. ನೀರಿನಲ್ಲಿ ಗಿಡ ಬೆಳೆಸುವುದು ಆಗಲೂ ಹೊಸ ವಿದ್ಯೆಯಾಗಿರಲಿಲ್ಲ. ಜರ್ಮನಿಯ ಯೂಲಿಯಸ್ ಸ್ಯಾಕ್ಸ್ ಮತ್ತು ವಿಲ್ಹೆಲ್ಮ್ ನೋಪ್ 1860ರ ದಶಕದಲ್ಲೇ ಲವಣ ಕದಡಿದ ನೀರಿನ ಜಾಡಿಗಳಲ್ಲಿ ಸಸ್ಯಗಳನ್ನು ಸಾಕಿದ್ದರು. ಜಾಡಿಯಲ್ಲಿದ್ದುದನ್ನು ತೊಟ್ಟಿಗೆ ತಂದು, ಇದು ಬೇಸಾಯವೇ ಆಗಬಲ್ಲದು ಎಂದು ಸಾರಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಫ್ರೆಡರಿಕ್ ಗೆರಿಕ್. 1929ರಲ್ಲಿ ಅವರ ಪ್ರಬಂಧ ಬಂತು. ಟೊಮೆಟೊ ಬಳ್ಳಿಗಳು 25 ಅಡಿ ಎತ್ತರಕ್ಕೆ ಹಬ್ಬಿದವು, ಏಣಿ ಹತ್ತಿ ಹಣ್ಣು ಕೀಳುವ ಕಥೆ ಪತ್ರಿಕೆಗಳಿಗೆ ಹಬ್ಬವಾಯಿತು. 1937ರಲ್ಲಿ ಗೆರಿಕ್ ಈ ವಿದ್ಯೆಗೆ ‘ಹೈಡ್ರೋಪೋನಿಕ್ಸ್’ ಎಂದು ನಾಮಕರಣವನ್ನೂ ಮಾಡಿದರು. ಮರುವರ್ಷ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆ ಪೆಸಿಫಿಕ್ ಸಾಗರದ ನಡುವಿನ ವೇಕ್ ದ್ವೀಪದಲ್ಲಿ, ಇಳಿದು ಹೋಗುವ ಪ್ರಯಾಣಿಕರಿಗಾಗಿ ಇದೇ ವಿಧಾನದಿಂದ ತರಕಾರಿ ಬೆಳೆಯಿತು.

ಜನ ವಿಶ್ವವಿದ್ಯಾಲಯಕ್ಕೆ ಕಾಗದದ ಮೇಲೆ ಕಾಗದ ಬರೆದರು: ಆ ದ್ರಾವಣದ ಪಾಕ ಕೊಡಿ. ಗೆರಿಕ್ ಅದನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಹೀಗಾಗಿ ನಿಜ ಎಷ್ಟು, ಗಾಳಿ ಎಷ್ಟು ಎಂದು ನೋಡುವ ಕೆಲಸ ಅದೇ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲಂಡ್ ಮತ್ತು ಡೇನಿಯಲ್ ಆರ್ನನ್ ಅವರ ಪಾಲಿಗೆ ಬಂತು. ಆ ಕೆಲಸದ ಫಲವೇ ಕೃಷಿ ಪ್ರಯೋಗ ಕೇಂದ್ರದ 347ನೇ ಸರ್ಕ್ಯುಲರ್. ಇಂದು ಜಗತ್ತಿನ ಸಸ್ಯಶಾಸ್ತ್ರ ಪ್ರಯೋಗಾಲಯಗಳೆಲ್ಲ ಬಳಸುವ ‘ಹೋಗ್ಲಂಡ್ ದ್ರಾವಣ’ ಪ್ರಸಿದ್ಧವಾದದ್ದು ಇದರಿಂದಲೇ. ದ್ರಾವಣದ ಪಟ್ಟಿಯನ್ನು ನಕಲು ಮಾಡಿಕೊಂಡವರಲ್ಲಿ ಉಳಿದ ಪುಟಗಳನ್ನು ಓದಿದವರು ಕಡಿಮೆ ಎಂಬುದು ಈ ಅಂಕಣದ ಹಳೆಯ ದೂರು.

ಆ ಪುಟಗಳ ಸಾರ ಇಷ್ಟು. ಒಂದೇ ಗಾಜುಮನೆಯಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ಅಂತರದಲ್ಲಿ ಟೊಮೆಟೊವನ್ನು ಫಲವತ್ತಾದ ಮಣ್ಣಿನಲ್ಲೂ ಮರಳಿನಲ್ಲೂ ನೀರಿನಲ್ಲೂ ಬೆಳೆಸಿ ತೂಗಿದರೆ, ನೀರು ಒಳ್ಳೆಯ ಮಣ್ಣನ್ನು ಹಿಂದೆ ಹಾಕುವುದಿಲ್ಲ. ಹಣ್ಣಿನ ಪೋಷಕಾಂಶದಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಗಿಡಗಳನ್ನು ಎಷ್ಟು ಒತ್ತಾಗಿ ನೆಡಬಹುದು ಎಂಬುದನ್ನು ತೀರ್ಮಾನಿಸುವುದು ಬಿಸಿಲು. ಬೇರಿನ ಕೆಳಗೆ ನೀರಿದೆಯೋ ಮಣ್ಣಿದೆಯೋ ಎಂಬುದಲ್ಲ. ಹತ್ತು ಪಟ್ಟಿನ ಲೆಕ್ಕ ಬರುವುದು ಗಾಜುಮನೆಯಲ್ಲಿ ವರ್ಷಪೂರ್ತಿ ಆರೈಕೆ ಕಂಡ ಬಳ್ಳಿಯನ್ನು ಬಯಲಿನ ಒಂದು ಹಂಗಾಮಿನ ಬೆಳೆಯ ಪಕ್ಕ ನಿಲ್ಲಿಸಿದಾಗ. ಅಷ್ಟು ಹೇಳಿದ ಮೇಲೆ ಲೇಖಕರು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಸಸ್ಯಪೋಷಣೆಯ ತಿಳಿವಳಿಕೆ ಇಲ್ಲದವರು ಇದರಲ್ಲಿ ದುಡ್ಡು ಸುರಿಯುವ ಮುನ್ನ ಯೋಚಿಸಲಿ.

ಹಾಗೆಂದು ಇಬ್ಬರೂ ನೀರಿನ ವಿರೋಧಿಗಳಲ್ಲ. ಆರ್ನನ್ ಮರುವರ್ಷವೇ ಪೆರಿ ಸ್ಟೌಟ್ ಜೊತೆ ಸೇರಿ, ಟೊಮೆಟೊ ಗಿಡಗಳನ್ನು ಶುದ್ಧ ದ್ರಾವಣದಲ್ಲಿ ಬೆಳೆಸಿ, ಸಸ್ಯಗಳಿಗೆ ಮಾಲಿಬ್ಡಿನಮ್ ಅತ್ಯಗತ್ಯ ಎಂದು ತೋರಿಸಿದರು. ಮಣ್ಣುಪರೀಕ್ಷೆಯ ಚೀಟಿಯಲ್ಲಿ ಇಂದು ಕಾಣುವ ಸೂಕ್ಷ್ಮ ಪೋಷಕಾಂಶಗಳ ಹೆಸರುಗಳ ಹಿಂದೆ ಇಂಥ ನೀರಿನ ಜಾಡಿಗಳಿವೆ.

ಇಳುವರಿ ಸಮವಾದರೆ ಇಷ್ಟೊಂದು ಸೆನ್ಸರು, ಕಂಟ್ರೋಲರು ಯಾಕೆ? ಉತ್ತರ ಮಣ್ಣಿನಲ್ಲಿದೆ. ಜೇಡಿ ಮತ್ತು ಹ್ಯೂಮಸ್ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಕ್ಯಾಲ್ಸಿಯಂ, ಪೊಟ್ಯಾಶಿಯಂ, ಅಮೋನಿಯಂ ಅದಕ್ಕೆ ಅಂಟಿಕೊಂಡಿದ್ದು, ಬೇರು ಕೇಳಿದಂತೆ ಒಂದೊಂದಾಗಿ ಬಿಡಿಸಿಕೊಂಡು ಬರುತ್ತವೆ. ಮಣ್ಣು ಹಳೆಯ ಶೆಟ್ಟರ ಅಂಗಡಿ. ಉದ್ರಿ ಬರೆದುಕೊಂಡು ಸುಧಾರಿಸುತ್ತದೆ. ನೀರಿನಲ್ಲಿ ಆ ಖಾತೆಯೇ ಇಲ್ಲ. ಗಿಡ ನೈಟ್ರೇಟ್ ಹೀರಿದಂತೆಲ್ಲ ದ್ರಾವಣದ ಪಿಎಚ್ ಏರುತ್ತದೆ. 7 ದಾಟಿತೆಂದರೆ ಕಬ್ಬಿಣ ಸಿಗದೆ ಚಿಗುರು ಬಿಳಿಚಿಕೊಳ್ಳುತ್ತದೆ. ಬಿಸಿಲು ಜೋರಾದ ದಿನ ಗಿಡ ಲವಣಕ್ಕಿಂತ ನೀರನ್ನೇ ಹೆಚ್ಚು ಕುಡಿದು, ತೊಟ್ಟಿಯಲ್ಲಿ ಇಸಿ, ಅಂದರೆ ಲವಣಾಂಶದ ಅಳತೆ, ಮೇಲೇರುತ್ತದೆ. ಎನ್‌ಎಫ್‌ಟಿ ಕಾಲುವೆಯಲ್ಲಿ ಹರಿಯುವ ನೀರಿನ ಪದರ ಕೆಲವೇ ಮಿಲಿಮೀಟರ್. ಬೇಸಿಗೆ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತರೆ ಒಂದೆರಡು ಗಂಟೆಯಲ್ಲೇ ಲೆಟ್ಯೂಸ್ ಜೋತುಬೀಳುತ್ತದೆ. ಗೊಬ್ಬರಗಳನ್ನು ಬೇರೆ ಬೇರೆ ಇಡುವ ಎ ಮತ್ತು ಬಿ ಟ್ಯಾಂಕುಗಳನ್ನೇ ನೋಡಿ: ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟು, ಫಾಸ್ಫೇಟುಗಳ ಜೊತೆ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಹಾಲಿನಂತೆ ಕದಡಿ, ಜಿಪ್ಸಂ ತಳಕ್ಕೆ ಕೂತು, ಡ್ರಿಪ್ಪರುಗಳ ಬಾಯಿ ಕಟ್ಟುತ್ತದೆ. ಮಣ್ಣಿಗೆ ಅದೇ ಗೊಬ್ಬರಗಳನ್ನು ದಿನ ಬಿಟ್ಟು ದಿನ ಎರಚಿದರೆ ಏನೂ ಆಗುವುದಿಲ್ಲ. ಆಟೊಮೇಷನ್ನಿನ ಬಹುಪಾಲು ಕೆಲಸ ಇದೇ: ಮಣ್ಣು ಸಂಬಳವಿಲ್ಲದೆ ಮಾಡುತ್ತಿದ್ದುದನ್ನು ಸಂಬಳ ಕೊಟ್ಟು ಮಾಡಿಸಿಕೊಳ್ಳುವುದು.

ಸಂಬಳ ಎಷ್ಟು? ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಲೆಟ್ಯೂಸ್ ಬೆಳೆಗೆ ಒಂದು ಅಂದಾಜು ಲೆಕ್ಕ ಹಾಕಿದ್ದರು. ಕಿಲೋಗೆ ಹೊಲದಲ್ಲಿ 250 ಲೀಟರ್ ನೀರು ಬೇಕಾದರೆ ಹೈಡ್ರೋಪೋನಿಕ್ಸ್‌ನಲ್ಲಿ 20 ಲೀಟರ್ ಸಾಕು. ಇಂಧನ ಮಾತ್ರ ಹೊಲದಲ್ಲಿ 1,100 ಕಿಲೋಜೌಲ್, ಹಸಿರುಮನೆಯಲ್ಲಿ 90,000. ಅಂದರೆ ಒಂದು ಕಿಲೋ ಸೊಪ್ಪಿಗೆ 25 ಯೂನಿಟ್ ವಿದ್ಯುತ್ತು. ಅದರಲ್ಲಿ ದೊಡ್ಡ ಪಾಲು ಮರುಭೂಮಿಯ ಆ ಮನೆಯನ್ನು ತಂಪಾಗಿ, ಬೆಚ್ಚಗೆ ಇಡುವುದಕ್ಕೆ. ಮಣ್ಣಿಲ್ಲದೆ ಬೆಳೆಯುತ್ತಿದ್ದ ಅಮೆರಿಕದ ಕಂಪನಿಗಳಾದ ಏರೋಫಾರ್ಮ್ಸ್ ಮತ್ತು ಆ್ಯಪ್‌ಹಾರ್ವೆಸ್ಟ್ 2023ರ ಜೂನ್, ಜುಲೈನಲ್ಲಿ ಒಂದರ ಹಿಂದೊಂದು ದಿವಾಳಿ ಅರ್ಜಿ ಹಾಕಿದಾಗ ‘ತಂತ್ರಜ್ಞಾನ ಸೋತಿತು’ ಎಂದವರು ಬಹಳ. ತಂತ್ರಜ್ಞಾನ ಅಷ್ಟೇನೂ ದಡ್ಡನಲ್ಲ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ, 96 ಚದರ ಮೀಟರಿನ ಗಾಜುಕೋಣೆಗಳಲ್ಲಿ ಸೌತೆ ಬೆಳೆಸಿ, ಮೈಕ್ರೋಸಾಫ್ಟ್ ಸಂಶೋಧಕರ ತಂಡದ ಆಲ್ಗಾರಿದಂ ಅನುಭವಿ ಡಚ್ ಬೆಳೆಗಾರರಿಗಿಂತ ಹೆಚ್ಚು ಲಾಭ ತೋರಿಸಿತು.

ಎದುರು ಪಾಳೆಯದವರನ್ನೂ ಸುಮ್ಮನೆ ಬಿಡುವಂತಿಲ್ಲ. ‘ಕೆಮಿಕಲ್ ನೀರಿನ ತರಕಾರಿ ವಿಷ’ ಎನ್ನುವವರಿಗೆ ಗೊತ್ತಿರಬೇಕು, ಕೊಟ್ಟಿಗೆ ಗೊಬ್ಬರದ ಸಾರಜನಕವೂ ಬಹುತೇಕ ನೈಟ್ರೇಟೋ ಅಮೋನಿಯಮ್ಮೋ ಆಗಿಯೇ ಬೇರಿನೊಳಗೆ ಹೋಗುವುದು. ಸಾವಯವ ಮುದ್ರೆಯ ಪ್ರಶ್ನೆ ಬೇರೆ. ಯುರೋಪ್ ಒಕ್ಕೂಟದ ನಿಯಮಕ್ಕೆ ಮಣ್ಣು ಬೇಕೇ ಬೇಕು. ಅಮೆರಿಕದ ಸಾವಯವ ಮಾನದಂಡ ಮಂಡಳಿ 2010ರಲ್ಲಿ ಮಣ್ಣಿಲ್ಲದ ಬೆಳೆಗೆ ಮುದ್ರೆ ಬೇಡ ಎಂದಿತು. 2017ರಲ್ಲಿ ನಿಷೇಧದ ಪ್ರಸ್ತಾವ ಬಂದಾಗ ಅದನ್ನು ಬೀಳಿಸಿತು.

ಡಚ್ಚರು ಮಣ್ಣು ಬಿಟ್ಟದ್ದು ಇಳುವರಿಯ ಆಸೆಯೊಂದಕ್ಕೇ ಅಲ್ಲ. ಗಾಜುಮನೆಯಲ್ಲಿ ವರ್ಷಗಟ್ಟಲೆ ಅದೇ ಬೆಳೆ ಹಾಕಿ ಮಣ್ಣಿಗೆ ರೋಗ ಹತ್ತಿತು, ಅದನ್ನು ಹಬೆ ಹಾಯಿಸಿ ಶುದ್ಧ ಮಾಡುವ ಖರ್ಚು ಹೆಚ್ಚಿತು; ಆಗ ಕಲ್ಲುನಾರಿನ ಚಪ್ಪಡಿಗೆ ಬಂದರು. ಬೆಂಗಳೂರು ಸುತ್ತಿನ ಪಾಲಿಹೌಸುಗಳೂ ಈಗ ಅದೇ ದಾರಿಯಲ್ಲಿವೆ. ಮಣ್ಣಿನ ಮಡಿಯಲ್ಲಿ ಡ್ರಿಪ್ ಗೊಬ್ಬರ ಕೊಟ್ಟು ಕ್ಯಾಪ್ಸಿಕಂ ಮೇಲೆ ಕ್ಯಾಪ್ಸಿಕಂ ಬೆಳೆದ ಕಡೆ ಕೆಲವೇ ವರ್ಷಗಳಲ್ಲಿ ಬೇರುಗಂಟು ಜಂತುಹುಳು ಸೇರಿಕೊಳ್ಳುತ್ತದೆ.

ಹಾಗಾಗಿ ತರಬೇತಿಗೆ ಫೀಸು ಕಟ್ಟುವ ಮುನ್ನ, ಬೆಳೆ ಮುಗಿದ ಮಡಿಯಿಂದ ನಾಲ್ಕಾರು ಗಿಡಗಳನ್ನು ಬೇರುಸಹಿತ ಕಿತ್ತು ತೊಳೆದು ನೋಡುವುದು ಒಳಿತು. ಬೇರು ಬೆಳ್ಳಗೆ ನುಣುಪಾಗಿದ್ದರೆ ಆ ದುಡ್ಡಿಗೆ ಕಾಂಪೋಸ್ಟ್ ಕೊಳ್ಳಬಹುದು. ಮಣಿ ಪೋಣಿಸಿದಂತೆ ಗಂಟುಗಳಿದ್ದು, ಬೆಳೆ ಬದಲಿಸುವ ಮನಸ್ಸೂ ಇಲ್ಲದಿದ್ದರೆ ಕೋಕೋಪೀಟ್ ಚೀಲಗಳಿಗೆ ಹೋಗಲು ಕಾರಣವಿದೆ. ಹೋಗುವವರು ಹೊಸ ಪೀಟನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ ತೊಳೆಯಬೇಕು. ಇಲ್ಲದಿದ್ದರೆ ನಾರಿನಲ್ಲಿರುವ ಸೋಡಿಯಂ, ಪೊಟ್ಯಾಶಿಯಂ ದ್ರಾವಣಕ್ಕೆ ಇಳಿದು, ಕ್ಯಾಲ್ಸಿಯಂ ಪೀಟಿನ ಪಾಲಾಗಿ, ಮೊದಲ ಕೊಯ್ಲಿನ ಕಾಯಿಗಳ ತುದಿ ಕಪ್ಪಾಗುತ್ತದೆ. ಬೋರ್‌ವೆಲ್ ನೀರಿನ ಬೈಕಾರ್ಬನೇಟ್ ಎಷ್ಟಿದೆ ಎಂದು ಲ್ಯಾಬಿನಲ್ಲಿ ಅಳೆಸಿಕೊಳ್ಳುವುದೂ ಅಷ್ಟೇ ಮುಖ್ಯ. ಎಷ್ಟು ಆಮ್ಲ ಬೇಕು, ಅದಕ್ಕೆ ಎಂಥ ಪಂಪು ಬೇಕು ಎಂಬುದು ಆ ಅಂಕಿ ಕೈಗೆ ಬಂದ ಮೇಲೆ ಕೇಳುವ ಪ್ರಶ್ನೆ.