ಮೂಲೆಯಂಗಡಿಯ ನಗು, ನೌಕರಿಯ ಭಯ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಅಮೆರಿಕದಲ್ಲಿ ಕೆಲವು ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಮರುಜೀವ ಬರುತ್ತದೆ. ಹಬ್ಬದ ರಜೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಚಿತ್ರಗಳಿವು. ಅರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಅವುಗಳಲ್ಲೊಂದು. ತಮಾಷೆಯೆಂದರೆ, ಕ್ರಿಸ್ಮಸ್ ಚಿತ್ರವೆಂದು ಈಗ ಹೆಸರಾಗಿರುವ ಇದು ತೆರೆಕಂಡದ್ದು ಹಬ್ಬ ಮುಗಿದ ಮೇಲೆ, 1940ರ ಜನವರಿಯಲ್ಲಿ. ನೋಡಿದವರಲ್ಲಿ ಹೆಚ್ಚಿನವರು ಇದನ್ನು ಮೆಚ್ಚುತ್ತಾರೆ. ಆದರೆ ಮೆಚ್ಚಿದವರ ಕಾರಣಗಳನ್ನೂ ಮೆಚ್ಚದವರ ತಕರಾರುಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮುದ್ದಾದ ಪ್ರೇಮಕಥೆ, ಹಿಮ ಬೀಳುವ ಬೀದಿ, ಬೆಚ್ಚಗಿನ ಭಾವ ಎಂದು ಹೊಗಳುವವರಿಗಿಂತ, ಇಲ್ಲೇನೋ ಸರಿಯಿಲ್ಲ ಎಂದು ಗೊಣಗುವವರೇ ಈ ಚಿತ್ರದ ಹತ್ತಿರಕ್ಕೆ ಹೋಗಿದ್ದಾರೆ.

ಕಥೆ ಸರಳ. ಬುಡಾಪೆಸ್ಟ್ ನಗರದಲ್ಲಿ ಮಾಟುಶೆಕ್ ಎಂಬ ವಯಸ್ಸಾದ ಧಣಿಯ ಚರ್ಮದ ಸಾಮಾನುಗಳ ಅಂಗಡಿ. ಅಲ್ಲಿ ಕ್ರಾಲಿಕ್ ಹಳೆಯ, ನಂಬಿಕಸ್ಥ ನೌಕರ. ಕ್ಲಾರಾ ನೋವಾಕ್ ಹೊಸದಾಗಿ ಸೇರಿದವಳು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಆದರೆ ಇಬ್ಬರೂ ಗುಟ್ಟಾಗಿ, ಪತ್ರಿಕೆಯ ಜಾಹೀರಾತಿನಿಂದ ಪರಿಚಯವಾದ, ಮುಖ ಕಾಣದ ಒಬ್ಬರಿಗೆ ಪತ್ರ ಬರೆಯುತ್ತಿದ್ದಾರೆ. ಅವರು ಬರೆಯುತ್ತಿರುವುದು ಪರಸ್ಪರರಿಗೇ ಎಂಬುದು ಪ್ರೇಕ್ಷಕರಿಗೆ ತಿಳಿಯುತ್ತದೆ, ಅವರಿಗೆ ತಿಳಿಯದು. ಜೇಮ್ಸ್ ಸ್ಟುವರ್ಟ್ ಮತ್ತು ಮಾರ್ಗರೆಟ್ ಸಲ್ಲವನ್ ಈ ಪಾತ್ರಗಳಲ್ಲಿದ್ದಾರೆ. ಹಂಗೇರಿಯ ಮಿಕ್ಲೋಶ್ ಲಾಸ್ಲೋ 1937ರಲ್ಲಿ ಬರೆದ ನಾಟಕವೊಂದರಿಂದ ಈ ಕಥೆ ಬಂದಿದೆ. ಚಿತ್ರಕಥೆ ಸ್ಯಾಮ್ಸನ್ ರಾಫೆಲ್ಸನ್ ಅವರದ್ದು.

ಮೊದಲ ತಕರಾರು ಹೀಗಿದೆ: ಪ್ರೇಮದ ಚಿತ್ರವೆಂದು ಕೂತರೆ ಬಹಳ ಹೊತ್ತು ಬರೀ ಅಂಗಡಿಯ ವಿಷಯವೇ ನಡೆಯುತ್ತದೆ. ಯಾರು ಮೊದಲು ಬಂದರು, ಧಣಿಯ ಮೂಡ್ ಹೇಗಿದೆ, ಯಾವ ಪೆಟ್ಟಿಗೆ ಮಾರಾಟವಾದೀತು ಎಂಬ ಮಾತುಗಳು. ಪ್ರೇಮ ಎಲ್ಲಿ?

ಪ್ರಶ್ನೆ ಸರಿಯಾಗಿದೆ. ಉತ್ತರ ಮೊದಲ ದೃಶ್ಯಗಳಲ್ಲೇ ಇದೆ. ನೌಕರರು ಬೆಳಿಗ್ಗೆ ಬೀದಿಯಲ್ಲಿ ಅಂಗಡಿಯ ಬಾಗಿಲು ತೆರೆಯುವುದನ್ನು ಕಾಯುತ್ತ ನಿಂತಿದ್ದಾರೆ. ಧಣಿ ಬಂದು ಬೀಗ ತೆಗೆಯುವವರೆಗೆ ಅವರಿಗೆ ನಿಲ್ಲಲೂ ಒಂದು ಜಾಗವಿಲ್ಲ. ಪಿರೋವಿಚ್ ಎಂಬ ನಡುವಯಸ್ಸಿನ ನೌಕರನಿದ್ದಾನೆ. ಧಣಿ ಯಾರಿಂದಲಾದರೂ ಪ್ರಾಮಾಣಿಕ ಅಭಿಪ್ರಾಯ ಕೇಳುತ್ತಿದ್ದಾನೆಂದು ಗೊತ್ತಾದ ಕೂಡಲೇ ಅವನು ಮೆಟ್ಟಿಲು ಹತ್ತಿ ಮಾಯವಾಗುತ್ತಾನೆ. ಇದನ್ನು ನೋಡಿ ನಾವು ಪ್ರತಿ ಸಲವೂ ನಗುತ್ತೇವೆ. ಆದರೆ ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಅಭಿಪ್ರಾಯ ಹೇಳಿ ಕೆಲಸ ಕಳೆದುಕೊಳ್ಳುವ ಅನುಕೂಲ ಅವನಿಗಿಲ್ಲ. ಹೊಟ್ಟೆಪಾಡಿಗಾಗಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತ ಮನುಷ್ಯನನ್ನು ಇಷ್ಟು ಹಗುರವಾಗಿ, ಆದರೆ ಅವಮಾನಿಸದೆ ತೋರಿಸಿದ ಚಿತ್ರಗಳು ಕಡಿಮೆ.

ಕ್ಲಾರಾ ಅಂಗಡಿಗೆ ಬರುವುದೂ ಕೆಲಸ ಕೇಳಿಕೊಂಡೇ. ಗಿರಾಕಿಯೆಂದು ತಿಳಿದು ವಿನಯದಿಂದ ಎದುರುಗೊಂಡ ಕ್ರಾಲಿಕ್, ಕೆಲಸ ಬೇಡಿ ಬಂದವಳೆಂದು ತಿಳಿದ ಮೇಲೆ ಖಾಲಿ ಇಲ್ಲ ಎನ್ನುತ್ತಾನೆ. ಧಣಿಗೆ ಇಷ್ಟವಾದ, ಮುಚ್ಚಳ ತೆರೆದರೆ ಸಂಗೀತ ನುಡಿಸುವ ಸಿಗರೇಟ್ ಪೆಟ್ಟಿಗೆಯೊಂದು ಅಲ್ಲಿದೆ. ಅದು ಮಾರಾಟವಾಗದು ಎಂದು ಕ್ರಾಲಿಕ್ ಆಗಷ್ಟೇ ಧಣಿಗೆ ಹೇಳಿದ್ದಾನೆ. ಕ್ಲಾರಾ ಅದನ್ನೇ ಎತ್ತಿಕೊಂಡು, ಇದು ಮಿಠಾಯಿ ಪೆಟ್ಟಿಗೆ, ಹೆಚ್ಚು ತಿನ್ನದಂತೆ ಸಂಗೀತ ಎಚ್ಚರಿಸುತ್ತದೆ ಎಂದು ದಪ್ಪನೆಯ ಗಿರಾಕಿಯೊಬ್ಬಳಿಗೆ ಮಾರಿಬಿಡುತ್ತಾಳೆ. ಅವಳಿಗೆ ಕೆಲಸ ಸಿಗುತ್ತದೆ, ಅವನ ಮಾತು ಬೀಳುತ್ತದೆ. ಅಂದರೆ ಇವರ ಜಗಳಕ್ಕೆ ಕಾರಣ ಸ್ವಭಾವವಲ್ಲ. ಒಬ್ಬಳಿಗೆ ಕೆಲಸ ಬೇಕಿತ್ತು, ಇನ್ನೊಬ್ಬನಿಗೆ ಇದ್ದ ಸ್ಥಾನ ಉಳಿಸಿಕೊಳ್ಳಬೇಕಿತ್ತು. ಅಂಗಡಿಯೊಳಗೆ ಅವರು ಪ್ರತಿಸ್ಪರ್ಧಿಗಳು. ಅಂಚೆ ಪೆಟ್ಟಿಗೆಯ ಲೋಕದಲ್ಲಿ ಮಾತ್ರ ಸಂಬಳ, ಹುದ್ದೆ, ಕಮಿಷನ್ ಯಾವುದೂ ಇಲ್ಲದ ಇಬ್ಬರು ಮನುಷ್ಯರು. ಹಾಗಾಗಿ ಅಂಗಡಿಯ ಕಥೆಯನ್ನು ಬಿಟ್ಟರೆ ಪ್ರೇಮದ ಕಥೆಗೆ ನೆಲೆಯೇ ಇರುವುದಿಲ್ಲ.

ಎರಡನೆಯ ತಕರಾರು ಇನ್ನೂ ಗಂಭೀರವಾದದ್ದು. ಹಬ್ಬದ ಹಾಸ್ಯಚಿತ್ರದಲ್ಲಿ ಆತ್ಮಹತ್ಯೆಯ ಯತ್ನ ಏಕೆ? ಹೆಂಡತಿಗೆ ತನ್ನ ನೌಕರರಲ್ಲೊಬ್ಬನ ಜೊತೆ ಸಂಬಂಧವಿದೆ ಎಂದು ಮಾಟುಶೆಕ್‌ಗೆ ಗುಮಾನಿ. ಮನೆಗೆ ಊಟಕ್ಕೆ ಕರೆಯುತ್ತಿದ್ದ ಕ್ರಾಲಿಕ್‌ನ ಮೇಲೇ ಸಂಶಯಪಟ್ಟು, ಕಾರಣವನ್ನೂ ಹೇಳದೆ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಆಮೇಲೆ ಪತ್ತೇದಾರನಿಂದ ತಿಳಿಯುವುದು ಬೇರೆಯೇ. ಅಪರಾಧಿ ವಾಡಾಶ್ ಎಂಬ ಮುಖಸ್ತುತಿಗಾರ. ಮಾಟುಶೆಕ್ ಪಿಸ್ತೂಲು ಕೈಗೆತ್ತಿಕೊಳ್ಳುತ್ತಾನೆ. ಅಂಗಡಿಯ ಕೆಲಸದ ಹುಡುಗ ಪೇಪಿ ಸಮಯಕ್ಕೆ ಸರಿಯಾಗಿ ಬಂದು ತಡೆಯುತ್ತಾನೆ.

ಈ ದೃಶ್ಯ ಚಿತ್ರದ ಹದ ಕೆಡಿಸಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಧಣಿಯ ಗುಮಾನಿ ಒಬ್ಬನ ಅನ್ನವನ್ನು ಕಸಿಯಬಲ್ಲದು, ಅದೇ ಗುಮಾನಿ ಧಣಿಯ ಜೀವವನ್ನೂ ಕೇಳಬಲ್ಲದು ಎಂಬುದನ್ನು ಒಂದೇ ಸಂಜೆಯಲ್ಲಿ ಚಿತ್ರ ತೋರಿಸುತ್ತದೆ. ಆದರೆ ಇಲ್ಲೊಂದು ಕೊರತೆಯನ್ನು ಒಪ್ಪಲೇಬೇಕು. ತಪ್ಪು ತಿಳಿದ ಮಾಟುಶೆಕ್ ಆಸ್ಪತ್ರೆಯ ಹಾಸಿಗೆಯಿಂದಲೇ ಕ್ರಾಲಿಕ್‌ನನ್ನು ಮ್ಯಾನೇಜರ್ ಮಾಡುತ್ತಾನೆ, ಪೇಪಿಗೆ ಬಡ್ತಿ ಕೊಡುತ್ತಾನೆ. ಧಣಿಯ ಸಿಟ್ಟಿನಿಂದ ಹೋದ ನೌಕರಿ ಧಣಿಯ ಪಶ್ಚಾತ್ತಾಪದಿಂದ ಮರಳಿ ಬಂತು. ಅವನಿಗೆ ಪಶ್ಚಾತ್ತಾಪವಾಗದೇ ಹೋಗಿದ್ದರೆ? ನ್ಯಾಯ ಕೇಳಲು ಕ್ರಾಲಿಕ್‌ಗೆ ಯಾವ ದಾರಿಯಿತ್ತು? ಚಿತ್ರ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ, ಒಳಗೆ ಕಾಲಿಡುವುದಿಲ್ಲ.

ಮೂರನೆಯ ತಕರಾರು ಇತ್ತೀಚಿನ ಪ್ರೇಕ್ಷಕರದ್ದು, ಅದರಲ್ಲೂ ಹೆಣ್ಣುಮಕ್ಕಳದ್ದು. ಕೆಲಸ ಕಳೆದುಕೊಂಡ ರಾತ್ರಿಯೇ ಕ್ರಾಲಿಕ್ ತನ್ನ ಪತ್ರದ ಗೆಳತಿಯನ್ನು ಕೆಫೆಯಲ್ಲಿ ಭೇಟಿಯಾಗಬೇಕಿರುತ್ತದೆ. ಗುರುತಿಗೆ 'ಅನ್ನಾ ಕರೆನಿನಾ' ಪುಸ್ತಕ ಮತ್ತು ಒಂದು ಹೂವು. ಕಿಟಕಿಯಿಂದ ನೋಡಿದ ಪಿರೋವಿಚ್ ಒಳಗಿರುವುದು ಕ್ಲಾರಾ ಎಂದು ಹೇಳುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಎಲ್ಲ ಗೊತ್ತು, ಅವಳಿಗೆ ಏನೂ ಗೊತ್ತಿಲ್ಲ. ಹಬ್ಬದ ಹಿಂದಿನ ರಾತ್ರಿಯವರೆಗೂ ಅವನು ಬಾಯಿ ಬಿಡುವುದಿಲ್ಲ. ಇದು ಪ್ರೇಮವೋ, ಆಟವೋ?

ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಅದಕ್ಕೆ ಇನ್ನೊಂದನ್ನೂ ಸೇರಿಸಬಹುದು. ಅಷ್ಟರಲ್ಲಿ ಅವನು ಅವಳ ಮೇಲಧಿಕಾರಿಯೂ ಆಗಿದ್ದಾನೆ. ತಿಳಿವಳಿಕೆಯೂ ಅಧಿಕಾರವೂ ಒಬ್ಬನ ಕೈಯಲ್ಲೇ ಸೇರಿದಾಗ ಪ್ರೇಮ ಸಮನಾದ ನೆಲದಲ್ಲಿ ನಡೆಯುವುದಿಲ್ಲ. ಕೊನೆಯಲ್ಲಿ ಕ್ರಾಲಿಕ್, ನಿನ್ನ ಪತ್ರದ ಗೆಳೆಯನನ್ನು ಕಂಡೆ, ಅವನು ದಪ್ಪಗಿದ್ದಾನೆ, ಬೋಳುತಲೆಯವನು, ಕೆಲಸವೂ ಇಲ್ಲ, ನಿನ್ನ ಸಂಬಳದಲ್ಲೇ ಬದುಕುವ ಯೋಚನೆಯಲ್ಲಿದ್ದಾನೆ ಎಂದು ಕ್ಲಾರಾಗೆ ಹೇಳಿ ಹೆದರಿಸುತ್ತಾನೆ. ಗಮನಿಸಿ, ಅವಳನ್ನು ಹೆದರಿಸಲು ಅವನಿಗೆ ಹೊಳೆಯುವುದೂ ನಿರುದ್ಯೋಗವೇ.

ಆದರೆ ಲುಬಿಚ್ ಈ ಅಸಮತೆಯನ್ನು ಕಾಣದವರಲ್ಲ. ಕೆಫೆಯಲ್ಲಿ ಕ್ಲಾರಾ ಅವನನ್ನು ಯಾವ ಲೆಕ್ಕಕ್ಕೂ ಇಲ್ಲದ ಗುಮಾಸ್ತನೆಂದು ಕರೆಯುತ್ತಾಳೆ. ಅವಳಿಗೆ ಗೊತ್ತಿಲ್ಲದಿದ್ದರೂ, ಆಗ ಅವನು ಗುಮಾಸ್ತನೂ ಅಲ್ಲ. ಅವನ ಮುಖದಲ್ಲಿ ಸುಳಿಯುವ ನೋವಿಗೆ ಚಿತ್ರ ಸಮಯ ಕೊಡುತ್ತದೆ. ಆಮೇಲೆ ಅಂಚೆ ಕಚೇರಿಯ ದೃಶ್ಯ. ಕ್ಯಾಮೆರಾ ಪೆಟ್ಟಿಗೆಗಳ ಹಿಂಬದಿಯಲ್ಲಿದೆ. ಕೈಚೀಲ ತೊಟ್ಟ ಒಂದು ಕೈ ಒಳಗೆ ಬಂದು ಪತ್ರಕ್ಕಾಗಿ ತಡಕಾಡುತ್ತದೆ. ಪೆಟ್ಟಿಗೆ ಖಾಲಿ. ಆಚೆಗೆ ಕ್ಲಾರಾಳ ಮುಖ ಕಾಣುತ್ತದೆ. ಸುಮ್ಮನಿರುವುದರಿಂದ ಇನ್ನೊಬ್ಬರಿಗೆ ಆಗುವ ಹಿಂಸೆ ಏನೆಂಬುದು ಆ ಒಂದು ಚಿತ್ರಿಕೆಯಲ್ಲಿದೆ. ತಕರಾರು ಮಾಡಿದ ಪ್ರೇಕ್ಷಕಿಯ ಪರವಾಗಿ ಸಾಕ್ಷಿ ನುಡಿಯುವುದು ಲುಬಿಚ್‌ನ ಕ್ಯಾಮೆರಾವೇ.

ಇದೇ ಕಥೆಯನ್ನು 1998ರಲ್ಲಿ ನೋರಾ ಎಫ್ರಾನ್ 'ಯೂ ಹ್ಯಾವ್ ಗಾಟ್ ಮೇಲ್' ಎಂದು ಮರಳಿ ತೆಗೆದರು. ಪತ್ರದ ಜಾಗಕ್ಕೆ ಇ-ಮೇಲ್ ಬಂತು. ನಾಯಕ ದೊಡ್ಡ ಪುಸ್ತಕ ಮಳಿಗೆಗಳ ಒಡೆಯ, ನಾಯಕಿ ತಾಯಿಯಿಂದ ಬಂದ ಪುಟ್ಟ ಪುಸ್ತಕದಂಗಡಿ ನಡೆಸುವವಳು. ಅವನ ಮಳಿಗೆಯ ಹೊಡೆತಕ್ಕೆ ಅವಳ ಅಂಗಡಿ ಮುಚ್ಚುತ್ತದೆ, ಆದರೂ ಕೊನೆಗೆ ಅವಳು ಅವನನ್ನೇ ಒಪ್ಪುತ್ತಾಳೆ. ಎರಡನ್ನೂ ನೋಡಿದವರು ಯಾವುದು ಹೆಚ್ಚು ಮುದ್ದು ಎಂದು ಚರ್ಚಿಸುತ್ತಾರೆ. ನಿಜವಾದ ವ್ಯತ್ಯಾಸ ಬೇರೆ. ಹಳೆಯ ಚಿತ್ರದಲ್ಲಿ ಇಬ್ಬರೂ ತಿಂಗಳ ಸಂಬಳ ಕಾಯುವವರು. ಹೊಸದರಲ್ಲಿ ಬಂಡವಾಳ ಒಂದು ಅಂಗಡಿಯನ್ನು ನುಂಗಿ, ಮೇಲೆ ಪ್ರೀತಿಯನ್ನೂ ಪಡೆಯುತ್ತದೆ.

ಕೊನೆಯ ತಕರಾರು ಆ ಊರಿನ ಕುರಿತು. ಇದೆಂಥ ಬುಡಾಪೆಸ್ಟ್, ನಾಯಕ ಅಪ್ಪಟ ಅಮೆರಿಕನ್ ಧಾಟಿಯಲ್ಲಿ ಮಾತಾಡುತ್ತಾನೆ, ಬೀದಿಯೂ ಸ್ಟುಡಿಯೋದ ಸೆಟ್ಟು ಎನ್ನುತ್ತಾರೆ. ನಿಜವೇ. ಆದರೆ ಆ ಸೆಟ್ಟನ್ನು ಕಟ್ಟಿದವರು ಯಾರು? ಲುಬಿಚ್ ಬರ್ಲಿನ್‌ನ ಯಹೂದಿ ದರ್ಜಿಯ ಮಗ, 1892ರಲ್ಲಿ ಹುಟ್ಟಿದವರು. ಎಳೆಯ ಪ್ರಾಯದಲ್ಲಿ ತಂದೆಯ ಅಂಗಡಿಯಲ್ಲಿ ಲೆಕ್ಕ ಬರೆದವರು. ಪಿರೋವಿಚ್ ಪಾತ್ರದ ಫೆಲಿಕ್ಸ್ ಬ್ರೆಸಾರ್ಟ್ ನಾಝಿಗಳಿಂದಾಗಿ ಜರ್ಮನಿ ತೊರೆದ ನಟ. ಲಾಸ್ಲೋ ಕೂಡ ಯಹೂದಿ, 1938ರಲ್ಲಿ ಅಮೆರಿಕಕ್ಕೆ ಬಂದರು. ಕುತಂತ್ರಿ ವಾಡಾಶ್ ಆಗಿ ನಟಿಸಿದ ವಿಯೆನ್ನಾ ಮೂಲದ ಜೋಸೆಫ್ ಶಿಲ್ಡ್‌ಕ್ರಾಟ್ 1959ರಲ್ಲಿ ಆನ್ ಫ್ರಾಂಕ್‌ಳ ಕಥೆಯ ಚಿತ್ರದಲ್ಲಿ ಅವಳ ತಂದೆಯಾದರು.

ಚಿತ್ರ ತಯಾರಾಗುವ ಹೊತ್ತಿಗೆ ನಿಜವಾದ ಹಂಗೇರಿಯಲ್ಲಿ ಯಹೂದಿಗಳ ಉದ್ಯೋಗಕ್ಕೆ ಕಾನೂನಿನ ಕತ್ತರಿ ಬಿದ್ದಿತ್ತು. 1938ರ ಕಾನೂನು ಅವರ ಪ್ರಮಾಣವನ್ನು ಶೇ. 20ಕ್ಕೆ ಮಿತಗೊಳಿಸಿತು, 1939ರದ್ದು ಹಲವು ವೃತ್ತಿಗಳಲ್ಲಿ ಶೇ. 6ಕ್ಕೆ ಇಳಿಸಿತು. 1944ರ ಮೇ ತಿಂಗಳಿಂದ ಜುಲೈವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಹಂಗೇರಿಯನ್ ಯಹೂದಿಗಳನ್ನು ಗಡೀಪಾರು ಮಾಡಲಾಯಿತು, ಹೆಚ್ಚಿನವರನ್ನು ಆಶ್ವಿಟ್ಸ್‌ಗೆ. ಇದ್ಯಾವುದೂ ಚಿತ್ರದಲ್ಲಿಲ್ಲ. ನೌಕರಿ ಕಳೆದುಕೊಳ್ಳುವ ಭಯ ಮಾತ್ರ ಇದೆ. ಮನೆ ಬಿಟ್ಟು ಬಂದವರು ನೆನಪಿನಿಂದ ಕಟ್ಟಿದ ಊರಿದು. ಅದು ನಿಜವಾದ ಬುಡಾಪೆಸ್ಟ್‌ನಂತಿಲ್ಲ ಎಂದು ದೂರುವಾಗ, ನಿಜವಾದ ಬುಡಾಪೆಸ್ಟ್‌ನಲ್ಲಿ ಇಂಥವರಿಗೆ ಜಾಗ ಕಿರಿದಾಗುತ್ತಿತ್ತು ಎಂಬುದನ್ನೂ ನೆನೆಯಬೇಕು.

ಕ್ರಿಸ್ಮಸ್ ಹಿಂದಿನ ರಾತ್ರಿ ಭರ್ಜರಿ ವ್ಯಾಪಾರವಾಗಿದೆ. ಮಾಟುಶೆಕ್ ನೌಕರರಿಗೆಲ್ಲ ಬೋನಸ್ ಕೊಟ್ಟು, ಹಿಮ ಬೀಳುವ ಬೀದಿಯಲ್ಲಿ ನಿಂತು ಒಬ್ಬೊಬ್ಬರನ್ನೂ ರಾತ್ರಿ ಎಲ್ಲಿಗೆ ಎಂದು ವಿಚಾರಿಸುತ್ತಾನೆ. ಎಲ್ಲರಿಗೂ ಮನೆಯಿದೆ, ಕಾಯುವವರಿದ್ದಾರೆ. ಅವನಿಗೆ ಮಾತ್ರ ಯಾರೂ ಇಲ್ಲ. ಕೊನೆಗೆ ಹೊರಬರುವವನು ಹೊಸದಾಗಿ ಸೇರಿದ ಹುಡುಗ ರೂಡಿ, ಈ ಊರಲ್ಲಿ ಅವನಿಗೂ ತನ್ನವರಿಲ್ಲ. ಧಣಿ ಅವನನ್ನು ಊಟಕ್ಕೆ ಕರೆಯುತ್ತಾನೆ. ಬಿಸಿ ಸೂಪು, ಹುರಿದ ಬಾತುಕೋಳಿ, ಆಲೂಗಡ್ಡೆ ಎಂದು ಒಂದೊಂದನ್ನೇ ಹೆಸರಿಸುತ್ತಾನೆ, ಹುಡುಗನ ಕಣ್ಣು ಅರಳುತ್ತದೆ.

ಈ ದೃಶ್ಯ ಯಾರಿಗೆ ತಾನೇ ಇಷ್ಟವಾಗದು? ಆದರೆ ಕರೆದವನೂ ಹಸಿದಿದ್ದ ಎಂಬುದನ್ನು ಮರೆಯಬಾರದು. ಅವನದ್ದು ಬೇರೆ ಹಸಿವು. ನಾಳೆ ಅಂಗಡಿ ತೆರೆದಾಗ ಅವನು ಮತ್ತೆ ಧಣಿ, ರೂಡಿ ಮತ್ತೆ ಕೆಲಸದ ಹುಡುಗ. ಆ ಒಂದು ರಾತ್ರಿ ಮಾತ್ರ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಾರೆ.