ಕ್ಲೋರೀನು ಪಾಠದಲ್ಲೊಂದು ಲೋಪ

ಕ್ಲೋರೀನು ಕರಗಿದ ನೀರನ್ನು ಬಿಸಿಲಿನಲ್ಲಿಟ್ಟರೆ ಆಮ್ಲಜನಕವು ಹೊರಡುವುದೆಂದು ಶಾಲೆಯ ಪ್ರಯೋಗಪಾಠಗಳು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಈ ಅವಸರವು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಆ ಆಮ್ಲಜನಕವು ಎಲ್ಲಿಯದು? 1785ರಲ್ಲಿ ಬರ್ತೊಲೆ ಇದನ್ನೇ ಕಂಡು, ಕ್ಲೋರೀನು ಆಮ್ಲಜನಕವನ್ನೊಳಗೊಂಡ ಸಂಯುಕ್ತವೆಂದು ತೀರ್ಮಾನಿಸಿದನು. ಕಂಡುದು ನಿಜವೇ, ನೀರನ್ನು ಲೆಕ್ಕಕ್ಕೆ ತಾರದುದರಿಂದ ತೀರ್ಮಾನವು ತಪ್ಪಿತು. ಕಾದು ಬೆಳ್ಳಗಾದ ಇದ್ದಿಲು ಸಹ ಒಣ ಅನಿಲದಿಂದ ಆಮ್ಲಜನಕವನ್ನು ಸೆಳೆಯಲಾರದೆಂದು ಕಂಡ ಡೇವಿ, 1810ರಲ್ಲಿ ಅದನ್ನು ಮೂಲವಸ್ತುವೆಂದು ಸಾರಿದನು.

ಗಂಧಕಾಮ್ಲದಲ್ಲಿ ಹಾಯಿಸಿ ಒಣಗಿಸಿದ ಕ್ಲೋರೀನು ಒಣಗಿದ ಬಣ್ಣದ ಬಟ್ಟೆಯನ್ನು ಬಿಳುಪಾಗಿಸದು, ಒದ್ದೆ ಬಟ್ಟೆಯನ್ನು ಬಿಳುಪಾಗಿಸುವುದು. ಇಲ್ಲಿಯೂ ಕಾಣುವುದು ನೀರಿನ ಪಾತ್ರವೇ. ಇವೆರಡನ್ನೂ ಬೇರೆಬೇರೆ ಗುಣಗಳೆಂದು ಕಂಠಪಾಠ ಮಾಡಿಸದೆ ಒಟ್ಟಿಗಿಟ್ಟು ಪ್ರಶ್ನಿಸಿದರೆ, ಬರ್ತೊಲೆಯ ತಪ್ಪನ್ನು ವಿದ್ಯಾರ್ಥಿಯು ತಾನೇ ತಿದ್ದಬಲ್ಲನು.