ಒಳಗೆ ಬಟ್ಟೆ ಬಿಟ್ಟ ರವಿಕೆ

"ದೊಡ್ಡಮ್ಮಾ, ಮಾಡ್ ಹಾಕ್ಕೊಂಡೆಯಾ?" ಎಂದು ತಂಗಿಯ ಮಗ ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದಾಗ ನಾನು ಒಲೆಯ ಮುಂದಿದ್ದೆ. "ಮಾಡಿ ಹಾಕೋದೇ ಆಯ್ತಲ್ಲೋ ಮೂವತ್ತೈದು ವರ್ಷದಿಂದ, ಇನ್ನೇನು ಹಾಕಿಕೊಳ್ಳೋದು?" ಎಂದೆ. ಅವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಆಮೇಲೆ ತಿಳಿಯಿತು, ಅವನು ಕೇಳಿದ್ದು ಅಡುಗೆಯ ವಿಷಯವಲ್ಲ, ಕಂಪ್ಯೂಟರ್ ಆಟದ ವಿಷಯ ಎಂದು.

ಈ ವಯಸ್ಸಿನಲ್ಲಿ ಕಂಪ್ಯೂಟರ್ ಆಟವೇ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ಇಡಿ, ನಮ್ಮ ಮನೆಯವರೂ ಇಟ್ಟಿದ್ದಾರೆ. ಹೊಸದು ಕೊಂಡ ಮೇಲೆ ಹಳೆಯ ಕಂಪ್ಯೂಟರನ್ನು ತಂಗಿಯ ಮಗ ನಮ್ಮ ಸಾಗರದ ಮನೆಯಲ್ಲಿ ತಂದಿಟ್ಟ. ಮಲೆನಾಡಿನ ಮಳೆಗಾಲದ ಸಂಜೆಗಳು ಎಷ್ಟು ಉದ್ದ ಎಂಬುದು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಟೀವಿಯ ಅತ್ತೆ ಸೊಸೆಯರಿಗಿಂತ ಡ್ರ್ಯಾಗನ್‌ಗಳೇ ವಾಸಿ ಎನಿಸಿತು.

ಆಟದ ಹೆಸರು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಎಂಬ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದದ್ದು. ಪಾತ್ರ ವಹಿಸಿ ಆಡುವ ಜಾತಿಯ ಆಟ. ಗೆಲ್ಲುವುದಕ್ಕಿಂತ ಬದುಕುವುದೇ ಇದರಲ್ಲಿ ಹೆಚ್ಚು. ಉತ್ತರದ ಹಿಮದ ನಾಡು, ಒಳಯುದ್ಧ, ಸತ್ತುಹೋದವೆಂದುಕೊಂಡಿದ್ದ ಡ್ರ್ಯಾಗನ್‌ಗಳು ಮರಳಿ ಬಂದಿವೆ. ಕಣ್ಣು ಬಿಟ್ಟಾಗ ನೀವು ಕೈ ಕಟ್ಟಿಸಿಕೊಂಡು ಗಾಡಿಯಲ್ಲಿ ಕೂತಿರುತ್ತೀರಿ. ಜೊತೆಗೊಬ್ಬ ಕುದುರೆ ಕಳ್ಳ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡ ಬಂಡಾಯದ ನಾಯಕ. ಎಲ್ಲರನ್ನೂ ತಲೆ ಕಡಿಯಲು ಒಯ್ಯುತ್ತಿದ್ದಾರೆ. ನೀವು ಯಾರು, ಹೆಣ್ಣೋ ಗಂಡೋ, ಮುಖ ಹೇಗೆ ಎಂದು ಆಗ ಕೇಳುತ್ತಾರೆ, ಕೊರಳು ಕೊಡುವ ಮುಂಚೆ! ನಾನು ಸಾಧ್ಯವಾದಷ್ಟು ವಯಸ್ಸಾದ ಹೆಂಗಸಿನ ಮುಖವನ್ನೇ ಆರಿಸಿಕೊಂಡೆ. ಕೊರಳಿನ ಮೇಲೆ ಕೊಡಲಿ ಬೀಳುವ ಹೊತ್ತಿಗೆ ಡ್ರ್ಯಾಗನ್ ಬಂದು ಊರನ್ನೇ ಸುಟ್ಟಿತು, ನಾನು ಬದುಕಿಕೊಂಡೆ.

ಇನ್ನು ಈ ಮಾಡ್ ಎಂದರೇನು? ಆಟ ಕಟ್ಟಿದವರಲ್ಲದ ಬೇರೆಯವರು, ಹೆಚ್ಚಾಗಿ ಕಾಸಿನಾಸೆಯಿಲ್ಲದ ಹವ್ಯಾಸಿಗಳು, ಆಟದೊಳಗೆ ಮಾಡುವ ಬದಲಾವಣೆ. ಮಳೆಯನ್ನು ಜೋರು ಮಾಡಬಹುದು, ಹೊಸ ಊರು ಕಟ್ಟಬಹುದು, ಡ್ರ್ಯಾಗನನ್ನು ಥಾಮಸ್ ಎಂಬ ಮಕ್ಕಳ ರೈಲು ಇಂಜಿನ್ ಆಗಿಸಬಹುದು. ಇದನ್ನೂ ಒಬ್ಬರು ನಿಜವಾಗಿ ಮಾಡಿದ್ದಾರೆ, ಕೂಗುತ್ತಾ ಆಕಾಶದಿಂದ ಇಳಿಯುತ್ತದೆ! ಇದೇನೂ ಕಳ್ಳತನವಲ್ಲ. ಈ ಸಂಸ್ಥೆ 2002ರಲ್ಲಿ ತಂದ ಮಾರೋವಿಂಡ್ ಆಟದ ಜೊತೆಗೇ ಅದನ್ನು ಬದಲಾಯಿಸುವ ಸಲಕರಣೆಯನ್ನೂ ಕೊಟ್ಟಿತ್ತು. ಸ್ಕೈರಿಮ್ ಬಂದ ಮೂರು ತಿಂಗಳಿಗೆ, 2012ರ ಫೆಬ್ರುವರಿಯಲ್ಲಿ, ಕ್ರಿಯೇಷನ್ ಕಿಟ್ ಎಂಬುದನ್ನು ಬಿಟ್ಟಿಯಾಗಿ ಬಿಟ್ಟರು. ನಮ್ಮ ಕಡೆ ಬುದ್ಧಿವಂತ ಟೈಲರ್ ರವಿಕೆಯ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಾನಲ್ಲ, ಹಾಗೆ. ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು ಅವನೇ ಬಿಟ್ಟ ಬಟ್ಟೆ ಅದು.

ಪ್ರಶ್ನೆ ಇರುವುದು ಬಿಚ್ಚುವುದು ಯಾವಾಗ ಎಂಬುದರಲ್ಲಿ.

ತಂಗಿಯ ಮಗನ ಪ್ರಕಾರ ಮೊದಲ ದಿನವೇ. "2011ರ ಆಟ ದೊಡ್ಡಮ್ಮಾ, ಇವತ್ತು ಅದನ್ನ ಹಾಗೇ ಆಡೋರು ಯಾರು?" ಎನ್ನುತ್ತಾನೆ. ಅವನ ಬಳಿ ನೂರಕ್ಕೂ ಹೆಚ್ಚು ಮಾಡ್‌ಗಳ ಪಟ್ಟಿಯಿದೆ. ನಿಜ ಹೇಳಬೇಕೆಂದರೆ ನಾನು ಸ್ಕೈರಿಮ್ ಅನ್ನು ಮೊದಲು ನೋಡಿದ್ದೇ ಅವನ ಬೆಂಗಳೂರಿನ ಕೋಣೆಯಲ್ಲಿ. ಹುಲ್ಲಿನ ಎಸಳೆಸಳೂ ಕಾಣುತ್ತಿತ್ತು, ನೀರಿನಲ್ಲಿ ಬೆಟ್ಟದ ನೆರಳು ನಡುಗುತ್ತಿತ್ತು. ಬೆರಗಾಗಿ ನೋಡಿದೆ. ವೈಟ್‌ರನ್ ಎಂಬ ಊರಿನ ಪೇಟೆಯಲ್ಲಿ ಒಬ್ಬಾಕೆ ಒಡವೆ ಮಾರುತ್ತಿದ್ದಳು. ಇಪ್ಪತ್ತರ ಹುಡುಗಿ, ಕಿತ್ತಳೆ ತೊಳೆಯಂಥ ತುಟಿ, ಕೈಯಲ್ಲಿ ಹಿಡಿಯುವಷ್ಟು ಸೊಂಟ. ಬಾಯಿ ಬಿಟ್ಟಳು ನೋಡಿ, ಬಂದದ್ದು ಮುದುಕಿಯ ದನಿ! ನನ್ನ ಮಗ, ನನ್ನ ಮಗ ಎಂದು ಏನೋ ಹೇಳುತ್ತಿದ್ದಳು. ಇದೇನು ವಿಚಿತ್ರ ಎಂದುಕೊಂಡೆ. ಪಾತ್ರದ ದನಿ ತಪ್ಪಾಗಿದೆ ಎಂದೇ ನನ್ನ ತೀರ್ಮಾನ.

ಸಾಗರದಲ್ಲಿ ನನ್ನ ಕಂಪ್ಯೂಟರಿನಲ್ಲಿ, ಏನೂ ಹಾಕದ ಆಟದಲ್ಲಿ, ಅದೇ ಪೇಟೆಗೆ ಹೋದೆ. ಹುಲ್ಲು ಮಂಕಾಗಿತ್ತು, ಗೋಡೆಗಳು ಒರಟಾಗಿದ್ದವು. ಒಡವೆಯ ಅಂಗಡಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಹೆಸರು ಫ್ರಾಲಿಯಾ ಗ್ರೇ-ಮೇನ್. ಗಾಳಿಗೆ ಒಡೆದ ಮುಖ, ಕಣ್ಣಿನ ಸುತ್ತ ಗೆರೆ. ಗಂಡ ಕಮ್ಮಾರ, ಊರಿನಲ್ಲೇ ಹೆಸರಾದವನು. ಅವನು ಮಾಡಿದ್ದನ್ನು ಇವಳು ಮಾರುತ್ತಾಳೆ. ಮಗ ಥೊರಾಲ್ಡ್ ಯುದ್ಧಕ್ಕೆ ಹೋದವನು ಕಾಣೆಯಾಗಿದ್ದಾನೆ. ಎದುರು ಪಕ್ಷದ ಮನೆತನದವರು ಪೇಟೆಯಲ್ಲಿ ಎಲ್ಲರೆದುರು ಅವಳನ್ನು ಹಂಗಿಸುತ್ತಾರೆ, ನಿನ್ನ ಮಗ ಸತ್ತ, ಒಪ್ಪಿಕೋ ಎಂದು. ಅವಳು ಒಪ್ಪುವುದಿಲ್ಲ.

ದನಿ ಸರಿಯಾಗಿಯೇ ಇತ್ತು. ಬೆಂಗಳೂರಿನಲ್ಲಿ ತಪ್ಪಾಗಿದ್ದದ್ದು ಮುಖ.

ಈ ಕತೆಯನ್ನು ಹಿಂಬಾಲಿಸಿ ಹೋದೆ. ಕಾಗದದ ಸಾಕ್ಷಿ ಕದ್ದು ತಂದು, ಸಮುದ್ರದಂಚಿನ ಕೋಟೆಗೆ ಹೋಗಿ, ಹುಡುಗನನ್ನು ಸೆರೆಯಿಂದ ಬಿಡಿಸಿದೆ. ಆದರೆ ಅವನು ಮನೆಗೆ ಬರುವಂತಿಲ್ಲ, ಬಂದರೆ ಮತ್ತೆ ಹಿಡಿಯುತ್ತಾರೆ. ತಾಯಿಗೆ ಮಾತ್ರ ಅರ್ಥವಾಗುವ ಒಂದು ಮಾತನ್ನು ಹೇಳಿ ಕಳಿಸುತ್ತಾನೆ, ಅಷ್ಟೆ. ನಾನು ಅದನ್ನು ಹೊತ್ತು ವೈಟ್‌ರನ್‌ಗೆ ಬಂದು ಫ್ರಾಲಿಯಾಳ ಮುಂದೆ ಹೇಳಿದೆ. ಆಟದ ಮುಖಗಳು ಅಷ್ಟೇನೂ ಚಲಿಸುವುದಿಲ್ಲ, ಅಳುವುದಂತೂ ಇಲ್ಲ. ಆದರೂ ಮಗ ಬದುಕಿದ್ದಾನೆ, ಬರುವುದಿಲ್ಲ ಎಂಬ ಎರಡು ಸುದ್ದಿಯನ್ನು ಒಟ್ಟಿಗೆ ಕೇಳಿಸಿಕೊಂಡ ಮುಖ ಅದು. ಮಕ್ಕಳನ್ನು ದೂರದ ಊರಿಗೆ ಕಳಿಸಿ ಫೋನಿನ ಪಕ್ಕ ಕೂತ ನಮ್ಮಂಥವರಿಗೆ ಆ ಗೆರೆಗಳ ಬೆಲೆ ಗೊತ್ತು.

ತಂಗಿಯ ಮಗನಿಗೆ ಫೋನು ಮಾಡಿ, "ಆ ಹೆಂಗಸಿನ ಮಗನನ್ನು ಬಿಡಿಸಿದೆಯೇನೋ?" ಎಂದು ಕೇಳಿದೆ. "ಯಾವ ಹೆಂಗಸು?" ಎಂದ. ಅವನ ತಪ್ಪಲ್ಲ. ಅವನ ಊರಿನಲ್ಲಿ ಎಲ್ಲ ಹೆಂಗಸರದೂ ಒಂದೇ ಮುಖ, ನೆನಪಿಟ್ಟುಕೊಳ್ಳುವುದು ಯಾರನ್ನೆಂದು? ಒಂದು ಮಾತು ಹೇಳಲೇಬೇಕು. ಅವನ ಪಟ್ಟಿಯಲ್ಲಿ ಗಂಡಸರ ಮುಖಕ್ಕೆ ಯಾವ ಮಾಡೂ ಇರಲಿಲ್ಲ. ಅವರ ಗಡ್ಡ, ಸುಕ್ಕು, ಮುರಿದ ಮೂಗು ಎಲ್ಲ ಇದ್ದಂತೆಯೇ ಇದ್ದವು. ಮೂಲ ಆಟವನ್ನು ಕಟ್ಟಿದವರು ಆ ಮಟ್ಟಿಗೆ ನಮ್ಮ ಪರ. ರಿವರ್‌ವುಡ್‌ನಲ್ಲಿ ಮರದ ಗಿರಣಿ ನಡೆಸುವವಳು ಗೆರ್ಡುರ್ ಎಂಬ ಹೆಂಗಸು. ವೈಟ್‌ರನ್‌ನ ಬಾಗಿಲಲ್ಲೇ ಕುಲುಮೆ ಊದುವವಳು ಏಡ್ರಿಯನ್, ಗಂಡ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಾನೆ. ಮಾರ್ಥಲ್ ಎಂಬ ಜೌಗು ಊರನ್ನು ಆಳುವವಳು ಇಡ್‌ಗ್ರಾಡ್ ಎಂಬ ಮುದುಕಿ. ಇವರನ್ನೆಲ್ಲ ಸಿನಿಮಾ ನಾಯಕಿಯರ ಸಾಲಿಗೆ ನಿಲ್ಲಿಸಿದರೆ ಗಿರಣಿಯೂ ಹೋಯಿತು, ಕುಲುಮೆಯೂ ಹೋಯಿತು. ನಮ್ಮ ಮನೆಯವರ ಅರವತ್ತರ ಶಾಂತಿಯ ಫೋಟೋ ಆಲ್ಬಮ್ಮಿನಲ್ಲಿ ಸ್ಟುಡಿಯೋದವನು ನನ್ನ ಮುಖದ ಗೆರೆಗಳನ್ನೆಲ್ಲ ಕೇಳದೇ ಒರೆಸಿ ಕೊಟ್ಟಿದ್ದಾನೆ. ನೋಡಿದವರು "ಯಾರಿದು, ತಂಗಿಯಾ?" ಎನ್ನುತ್ತಾರೆ. ನನ್ನದೇ ಸಮಾರಂಭದಲ್ಲಿ ನಾನಿಲ್ಲ.

ಹಾಗೆಂದು ನಾನು ಮಡಿವಂತಳೇನಲ್ಲ. ಮಾಡ್ ಮುಟ್ಟಬಾರದು ಎನ್ನುವವರೂ ಇದ್ದಾರೆ. ಕಟ್ಟಿದವರ ಮನಸ್ಸಿನಲ್ಲಿದ್ದದ್ದೇ ಪವಿತ್ರ ಎಂಬ ವಾದ ಅವರದು. ನನ್ನ ಮಡಿ ಎಪ್ಪತ್ತು ಗಂಟೆ ಆಡುವ ಹೊತ್ತಿಗೆ ಮುರಿಯಿತು, ಕಾರಣ ಕಣ್ಣು. ಚೀಲದಲ್ಲಿರುವ ಸಾಮಾನುಗಳ ಪಟ್ಟಿಯನ್ನು ಓದಲು ಕನ್ನಡಕ ಮೇಲೆ ಕೆಳಗೆ ಮಾಡಿ ಕುತ್ತಿಗೆ ಹಿಡಿದುಕೊಂಡಿತು. ಸ್ಕೈಯುಐ ಎಂಬ ಮಾಡ್ ಆ ಪಟ್ಟಿಯನ್ನು ಕಂಬಸಾಲಿನಲ್ಲಿ ಅಚ್ಚುಕಟ್ಟಾಗಿ ಜೋಡಿಸುತ್ತದೆ, ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಬರುತ್ತದೆ. ಹಾಕಿಕೊಂಡೆ. ಇದರಲ್ಲಿ ಕಾಯಬೇಕಾದದ್ದೇ ಇರಲಿಲ್ಲ, ಮೊದಲ ದಿನವೇ ಹಾಕಿಕೊಳ್ಳಬೇಕಿತ್ತು. ಕಾಣದಿದ್ದವರಿಗೆ ಕನ್ನಡಕ ಕೊಡುವುದು ಕತೆಯನ್ನು ತಿದ್ದಿದಂತಲ್ಲ.

ಆಟದ ದೋಷಗಳನ್ನು ಸರಿಪಡಿಸುವ ಅನಧಿಕೃತ ತಿದ್ದುಪಡಿಯ ಮಾಡ್ ಒಂದಿದೆ. ಅದನ್ನೂ ಮೊದಲೇ ಹಾಕಿ ಎನ್ನುತ್ತಾರೆ. ಇಲ್ಲಿ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಮೂಲದಲ್ಲಿ ಮದ್ದು ಅರೆಯುವವರಿಗೊಂದು ತಮಾಷೆಯ ದಾರಿಯಿತ್ತು: ಒಂದು ಮದ್ದು ಕುಡಿದರೆ ಮುಂದಿನ ಮದ್ದಿನ ಶಕ್ತಿ ಹೆಚ್ಚುವುದು, ಅದರಿಂದ ಇನ್ನೊಂದು, ಹೀಗೆ ಬಡ್ಡಿಗೆ ಬಡ್ಡಿ ಬೆಳೆದು ದೇವರನ್ನೇ ಹೊಡೆಯುವಷ್ಟು ಬಲ. ತಿದ್ದುಪಡಿಯವರು ಅದನ್ನು ಮುಚ್ಚಿಬಿಟ್ಟರು. ದೋಷ ಯಾವುದು, ಚೇಷ್ಟೆ ಯಾವುದು ಎಂದು ತೀರ್ಮಾನಿಸುವವರು ಯಾರು? ಒಬ್ಬಂಟಿಯಾಗಿ ಆಡುವ ಆಟದಲ್ಲಿ ನಾನು ಮೋಸ ಮಾಡಿದರೆ ಯಾರ ಗಂಟು ಹೋಗುತ್ತದೆ?

ನಿಜವಾದ ಪೆಟ್ಟು ತಿಂದದ್ದು ಚಳಿಯ ವಿಷಯದಲ್ಲಿ. ಮೂಲ ಆಟದಲ್ಲಿ ತೋಳಿಲ್ಲದ ಬಟ್ಟೆಯಲ್ಲಿ ಹಿಮಗಡ್ಡೆ ತೇಲುವ ಸಮುದ್ರದಲ್ಲಿ ಈಜಿದರೂ ಒಂದು ಸೀನು ಬರುವುದಿಲ್ಲ. ಒಂದು ಮಳೆಯಲ್ಲಿ ನೆನೆದರೆ ಮೂರು ದಿನ ಕಷಾಯ ಕುಡಿಯುವ ಊರಿನವಳು ನಾನು. ನನಗಿದು ಹೇಗೆ ಒಪ್ಪಿಗೆಯಾದೀತು? ಫ್ರಾಸ್ಟ್‌ಫಾಲ್ ಎಂಬ ಮಾಡ್ ಈ ಕೊರತೆಗೆಂದೇ ಇತ್ತು. ಮುಂದೆ ಸಂಸ್ಥೆಯವರೇ 2017ರಲ್ಲಿ ಅಂಥದೇ ಒಂದನ್ನು ತಂದರೆಂದರೆ ಹವ್ಯಾಸಿಗಳ ಮಾತು ಸರಿಯೆಂದಾಯಿತಲ್ಲ. ನಾನು ಆಟದ ನಡುವೆಯೇ ಒಂದು ಚಳಿಯ ಮಾಡ್ ಹಾಕಿದೆ. ವಾರ ಕಳೆಯುವುದರೊಳಗೆ ಹೆಜ್ಜೆಗೊಮ್ಮೆ ಬೆಂಕಿ ಕಾಯಿಸಿ ಬೇಸತ್ತು ತೆಗೆದೂ ಹಾಕಿದೆ. ಹಾಗೆ ಮಾಡಬಾರದಂತೆ. ಮಾಡ್‌ನ ಅಪ್ಪಣೆಗಳು ನಾವು ಉಳಿಸಿಟ್ಟ ಆಟದೊಳಗೇ ಬೆರೆತುಹೋಗಿರುತ್ತವೆ. ಮೂಲವನ್ನು ಕಿತ್ತರೂ ಬೇರು ಉಳಿಯುತ್ತದೆ. ಎರಡು ದಿನದಲ್ಲಿ ಆಟ ತೆರೆದರೆ ಮುಚ್ಚಿಕೊಳ್ಳತೊಡಗಿತು. ನೂರಕ್ಕೂ ಮಿಕ್ಕಿದ ಗಂಟೆಗಳ ಬದುಕು, ನನ್ನ ಮನೆ, ಆಟದೊಳಗಿನ ಗಂಡ ಎಲ್ಲ ಹೋಯಿತು. (ಆ ಗಂಡ ದಿನಕ್ಕೊಂದು ಊಟ ಮಾಡಿ ಬಡಿಸುತ್ತಿದ್ದ, ಅಂಗಡಿಯಿಟ್ಟು ಲಾಭದಲ್ಲಿ ಪಾಲೂ ಕೊಡುತ್ತಿದ್ದ. ಅದು ಮೂಲದಲ್ಲೇ ಇರುವ ವ್ಯವಸ್ಥೆ, ಮಾಡ್ ಅಲ್ಲ. ನಮ್ಮ ಮನೆಯವರಿಗೆ ಎರಡು ಸಲ ಹೇಳಿದ್ದೇನೆ.)

ಆ ರಾತ್ರಿ ಬೈಯಲು ನನ್ನ ಹೊರತು ಯಾರೂ ಇರಲಿಲ್ಲ. ಆದರೆ ಯೋಚಿಸುತ್ತಾ ಹೋದಂತೆ ಪ್ರಶ್ನೆಯ ಗಂಟು ಎಲ್ಲಿದೆ ಎಂದು ಕಂಡಿತು. ಯಂತ್ರದ ಕಡೆಯಿಂದ ನೋಡಿದರೆ ಮಾಡ್‌ಗಳನ್ನು ಆಟದ ಮೊದಲಲ್ಲೇ ಹಾಕಬೇಕು, ನಡುವೆ ಮುಟ್ಟಬಾರದು. ರಸಿಕರ ಕಡೆಯಿಂದ ನೋಡಿದರೆ ಮೂಲವನ್ನು ನೋಡದೇ ಹಾಕಬಾರದು. ಎರಡೂ ನಿಜವಾದರೆ ಉಳಿಯುವ ದಾರಿ ಒಂದೇ: ಇನ್ನೊಮ್ಮೆ ಮೊದಲಿನಿಂದ ಆಡುವುದು. ಎಷ್ಟು ಗಂಟೆ ಆಡಿದ ಮೇಲೆ ಎಂದು ಲೆಕ್ಕ ಕೇಳುವವರಿಗೆ ನನ್ನ ಬಳಿ ಲೆಕ್ಕವಿಲ್ಲ. ಮತ್ತೆ ಆ ಗಾಡಿಯಲ್ಲಿ ಕೈ ಕಟ್ಟಿಸಿಕೊಂಡು ಕೂರಬೇಕು ಎಂಬ ಆಸೆ ಹುಟ್ಟಿತೇ, ಆಗ. ಹುಟ್ಟದಿದ್ದರೆ ನೂರು ಮಾಡ್ ಹಾಕಿದರೂ ಅದು ಬೇಡದ ಊಟಕ್ಕೆ ಒಗ್ಗರಣೆ.

ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಭಾಗವತರು ಹಾಡುವ ಪದ್ಯವೊಂದು, ಅದರ ಮೇಲೆ ಅರ್ಥಧಾರಿ ಅರ್ಧ ಗಂಟೆ ಕಟ್ಟುವ ಮಾತು ಇನ್ನೊಂದು. ಪ್ರಸಂಗ ಗೊತ್ತಿಲ್ಲದೇ ಮಾತು ಬೆಳೆಸುವವನನ್ನು ನಮ್ಮೂರಿನ ಸಭೆ ಕೆಮ್ಮಿ ಕೆಮ್ಮಿಯೇ ಕೂರಿಸುತ್ತದೆ.

ಎರಡನೆಯ ಸಲ ಹಾಕಿಕೊಂಡದ್ದರಲ್ಲಿ ಒಂದನ್ನು ಹೆಸರಿಸಬೇಕು. ಆಸ್ಟ್ರೇಲಿಯದ ನಿಕ್ ಪಿಯರ್ಸ್ ಎಂಬುವರು 2015ರಲ್ಲಿ ಬಿಟ್ಟ ಫಾರ್ಗಾಟನ್ ಸಿಟಿ. ನೆಲದಡಿಯ ಹಳೆಯ ನಗರ. ಅಲ್ಲಿ ಒಬ್ಬರು ಪಾಪ ಮಾಡಿದರೆ ಎಲ್ಲರೂ ಸಾಯುತ್ತಾರೆ, ನೀವು ಕಾಲದಲ್ಲಿ ಹಿಂದೆ ಹೋಗಿ ತಡೆಯಬೇಕು. ಮರುವರ್ಷ ಅವರ ದೇಶದ ಬರಹಗಾರರ ಸಂಘ ಇದಕ್ಕೆ ಪ್ರಶಸ್ತಿ ಕೊಟ್ಟಿತು, 2021ರಲ್ಲಿ ಅದು ಸ್ವತಂತ್ರ ಆಟವಾಗಿಯೇ ಬಂತು. ಇದು ತಿದ್ದುಪಡಿಯಲ್ಲ, ಕೃತಿ. ಆದರೆ ಸ್ಕೈರಿಮ್‌ನ ಪಾಳುಬಿದ್ದ ಕುಬ್ಜನಗರಗಳಲ್ಲಿ ಮೊದಲು ಅಲೆದವರಿಗೆ, ಅಂಥ ನಗರವೊಂದರಲ್ಲಿ ಜನ ಬದುಕಿದ್ದಾರೆ ಎಂಬ ನಡುಕ ಬೇರೆಯೇ. ಇಂಥವರ ದುಡಿಮೆಗೆ ಕೂಲಿ ಬೇಡವೇ ಎಂದು 2015ರ ಏಪ್ರಿಲ್‌ನಲ್ಲಿ ಒಮ್ಮೆ ಮಾಡ್‌ಗಳಿಗೆ ಬೆಲೆ ಕಟ್ಟಿದರು. ಮಾಡಿದವರಿಗೆ ಕಾಲು ಪಾಲು, ಮುಕ್ಕಾಲು ದೊಡ್ಡವರಿಗೆ. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಬಿಟ್ಟಿ ಸಿಗಲಿಲ್ಲವೆಂದು ಕೂಗಿದವರೇ ಹೆಚ್ಚು, ಕಾಲು ಪಾಲು ಸಾಲದು ಎಂದು ಕೂಗಿದವರು ಕಡಿಮೆ. ಹೊಲಿಗೆಯವರ ಕೂಲಿಯ ಮಾತು ಬಂದಾಗ ನಮ್ಮಲ್ಲೂ ಹೀಗೆಯೇ.

ಇನ್ನೊಂದು, ನಿಮಗಾಗಿಯೇ ಹೇಳುತ್ತೇನೆ. ಅಮೆರಿಕದಲ್ಲಿ ಶರ್ಲಿ ಕರಿ ಎಂಬ ಅಜ್ಜಿಯಿದ್ದಾರೆ, 1936ರಲ್ಲಿ ಹುಟ್ಟಿದವರು. ಸ್ಕೈರಿಮ್ ಆಡುತ್ತಾ ಯೂಟ್ಯೂಬಿನಲ್ಲಿ ತೋರಿಸಿ ತೋರಿಸಿ, ನೋಡುವವರನ್ನು ಮೊಮ್ಮಕ್ಕಳೇ ಎಂದು ಕರೆದು, ಸ್ಕೈರಿಮ್ ಅಜ್ಜಿ ಎಂದೇ ಹೆಸರಾದವರು. ಅವರ ಮೇಲಿನ ಪ್ರೀತಿಗೆ ಅಭಿಮಾನಿಗಳು ಒಂದು ಮಾಡ್ ಮಾಡಿದ್ದಾರೆ. ಆಟದೊಳಗೆ ನಿಮ್ಮ ಜೊತೆ ನಡೆಯುವ ಸಂಗಾತಿಯಾಗಿ ಶರ್ಲಿಯೇ ಬರುತ್ತಾರೆ, ಅವರದೇ ದನಿಯಲ್ಲಿ ಮಾತಾಡುತ್ತಾ. ಮುಖ ಒರೆಸುವ ಸಲಕರಣೆಯಿಂದಲೇ ಒಬ್ಬ ಅಜ್ಜಿಯನ್ನು ಒಳಗೆ ಕರೆತಂದಿದ್ದಾರಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಕಳೆದ ದೀಪಾವಳಿಗೆ ತಂಗಿಯ ಮಗ ಬಂದಿದ್ದ. ಹೊಸದಾಗಿ ಆಟ ಜೋಡಿಸಿಕೊಡುತ್ತೇನೆ ಎಂದು ಕೂತ. ಮಳೆ, ಹುಲ್ಲು, ನೀರು ಏನು ಬೇಕಾದರೂ ಹಾಕು ಎಂದೆ. ಅವನು ಊಟಕ್ಕೆ ಎದ್ದಾಗ ನಾನು ಗಾಡಿಯಿಂದ ಇಳಿದು, ಸುಡುವ ಊರಿನಿಂದ ಪಾರಾಗಿ, ದಾರಿಯಲ್ಲಿ ಯಾರನ್ನೂ ಮಾತಾಡಿಸದೇ ನೆಟ್ಟಗೆ ವೈಟ್‌ರನ್ ಪೇಟೆಗೆ ನಡೆದೆ. ಫ್ರಾಲಿಯಾ ಅಂಗಡಿಯಲ್ಲಿದ್ದಳು. ಹತ್ತಿರ ಹೋಗಿ, ಕನ್ನಡಕ ಒರೆಸಿಕೊಂಡು ನೋಡಿದೆ. ಕಣ್ಣಿನ ಪಕ್ಕದ ಗೆರೆಗಳು ಇದ್ದವು. "ದೊಡ್ಡಮ್ಮಾ, ಪಲ್ಯ ಎಲ್ಲಿ?" ಎಂದು ಒಳಗಿನಿಂದ ಕೂಗಿದ. ಬಡಿಸಿಕೋ, ಬಂದೆ ಎಂದೆ.